ಕಲ್ಲು ಮಣ್ಣುಗಳನ್ನು ಓದಿದ ಬ್ರೂಸ್ ಫೂಟ್

ಮಕ್ಕಳೇ, ಬೇಸಿಗೆಯಲ್ಲಿ ಬಸವನ ಬಾಗೇವಾಡಿಯ ಸುತ್ತಲಿನ ಹೊಲಗಳನ್ನು ನೋಡಿದ್ದೀರಾ? ಎರೆಮಣ್ಣು ಒಣಗಿ, ಕೈ ತೂರುವಷ್ಟು ಅಗಲವಾಗಿ ಬಿರುಕು ಬಿಟ್ಟಿರುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಬಿರುಕುಗಳನ್ನೆಲ್ಲ ಮುಚ್ಚುತ್ತದೆ. ಕಾಲಿಟ್ಟರೆ ಚಪ್ಪಲಿಗೆ ಹೆಂಟೆಗಟ್ಟಲೆ ಅಂಟಿಕೊಳ್ಳುತ್ತದೆ. ಆ ಮಣ್ಣು ಹಿಡಿದಿಟ್ಟುಕೊಂಡ ಹಸಿಯಲ್ಲೇ ಹಿಂಗಾರಿ ಬಿಳಿಜೋಳ ಮತ್ತು ಕಡಲೆ ಬೆಳೆಯುತ್ತವೆ.

ಈಗ ಪಶ್ಚಿಮಕ್ಕೆ ಹೋಗೋಣ. ಬೆಳಗಾವಿ ದಾಟಿ ಖಾನಾಪುರದ ಕಾಡಿನತ್ತ ನಡೆದರೆ ಕೆಂಪು ಮಣ್ಣು ಕಾಣುತ್ತದೆ. ಕೃಷ್ಣಾ ನದಿ ದಾಟಿ ದಕ್ಷಿಣಕ್ಕೆ ಹೋದರೆ ರಾಯಚೂರು ಜಿಲ್ಲೆಯ ಹಟ್ಟಿ ಸಿಗುತ್ತದೆ. ಅಲ್ಲಿ ನೆಲದಾಳದಿಂದ ಚಿನ್ನ ತೆಗೆಯುತ್ತಾರೆ. ಬಾಗೇವಾಡಿಯ ನೆಲದಲ್ಲಿ ಚಿನ್ನ ಏಕಿಲ್ಲ? ಹಟ್ಟಿಯಲ್ಲಿ ಏಕಿದೆ? ಒಂದು ಕಡೆ ಮಣ್ಣು ಕಪ್ಪು, ಇನ್ನೊಂದು ಕಡೆ ಕೆಂಪು ಏಕೆ?

ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ನಮ್ಮ ನಾಡಿನ ಕಲ್ಲು ಮಣ್ಣುಗಳ ನಡುವೆ ಬಾಳಿನ ಬಹುಭಾಗವನ್ನು ಕಳೆದ ವಿಜ್ಞಾನಿಯೊಬ್ಬರಿದ್ದರು. ಅವರ ಹೆಸರು ರಾಬರ್ಟ್ ಬ್ರೂಸ್ ಫೂಟ್. ಅವರ ಕಥೆ ತಿಳಿಯೋಣ ಬನ್ನಿ.

ಮದರಾಸಿಗೆ ಬಂದ ತರುಣ

ಬ್ರೂಸ್ ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್ ಎಂಬ ಊರಿನಲ್ಲಿ. ನಮ್ಮ ದೇಶದ ಶಿಲೆ, ಖನಿಜಗಳ ಅಧ್ಯಯನಕ್ಕಾಗಿ 1851ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಆರಂಭವಾಗಿತ್ತು. ಫೂಟ್ 1858ರಲ್ಲಿ ಆ ಸಂಸ್ಥೆಯ ಕೆಲಸಕ್ಕೆ ಸೇರಿದರು. ಆಗ ಅವರಿಗೆ 24 ವರ್ಷ. ಅವರನ್ನು ದಕ್ಷಿಣ ಭಾರತದ ಕೆಲಸಕ್ಕೆ ನೇಮಿಸಲಾಯಿತು.

ಆಗಿನ ಭೂವಿಜ್ಞಾನಿಯ ಕೆಲಸ ಸುಲಭವಾಗಿರಲಿಲ್ಲ. ಮಳೆಗಾಲ ಮುಗಿದ ಕೂಡಲೇ ಡೇರೆ, ನಕ್ಷೆ, ಸುತ್ತಿಗೆಗಳೊಂದಿಗೆ ಹೊರಡಬೇಕು. ಕುದುರೆಯ ಮೇಲೆ ಇಲ್ಲವೇ ಕಾಲ್ನಡಿಗೆಯಲ್ಲಿ ಊರಿಂದೂರಿಗೆ ಸಾಗಬೇಕು. ಹಳ್ಳ ಕೊರೆದ ದಂಡೆ, ಬಾವಿ ತೋಡಿದ ಗುಂಡಿ, ಗುಡ್ಡದ ಕಡಿದಾದ ಬದಿಗಳಲ್ಲಿ ನೆಲದ ಒಳಗಿನ ಪದರಗಳು ಕಾಣುತ್ತವೆ. ಅಲ್ಲೆಲ್ಲ ನಿಂತು ಕಲ್ಲಿನ ಚೂರು ಒಡೆದು ನೋಡಬೇಕು. ಯಾವ ಕಲ್ಲು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂದು ನಕ್ಷೆಯಲ್ಲಿ ಬಣ್ಣ ತುಂಬಬೇಕು. ಮತ್ತೆ ಮಳೆಗಾಲ ಬಂದಾಗ ಕಚೇರಿಯಲ್ಲಿ ಕುಳಿತು ವರದಿ ಬರೆಯಬೇಕು. ಫೂಟ್ 33 ವರ್ಷ ಈ ಕೆಲಸ ಮಾಡಿದರು.

1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಜಲ್ಲಿ ತೆಗೆದ ಒಂದು ಗುಂಡಿಯಲ್ಲಿ ಅವರಿಗೆ ವಿಚಿತ್ರವಾದ ಕಲ್ಲೊಂದು ಸಿಕ್ಕಿತು. ಎರಡೂ ಬದಿಗೆ ಚಕ್ಕೆ ಎಬ್ಬಿಸಿ ಚೂಪು ಮಾಡಿದ್ದ ಆ ಕಲ್ಲು ತಾನಾಗಿ ಒಡೆದದ್ದಲ್ಲ ಎಂದು ಅವರು ಗುರುತಿಸಿದರು. ಅದು ಆದಿಮಾನವ ಮಾಡಿದ ಕೈಗೊಡಲಿ! ಭಾರತದಲ್ಲಿ ಹಳೆ ಶಿಲಾಯುಗದ ಮನುಷ್ಯರು ಇದ್ದರು ಎಂಬುದಕ್ಕೆ ಮೊದಲ ಪುರಾವೆಗಳಲ್ಲಿ ಅದೂ ಒಂದು. ಹೀಗಾಗಿಯೇ ಇತಿಹಾಸದ ಪುಸ್ತಕಗಳು ಫೂಟ್ ಅವರನ್ನು ಭಾರತದ ಪ್ರಾಗಿತಿಹಾಸದ ಪಿತಾಮಹ ಎಂದು ಗೌರವಿಸುತ್ತವೆ. ಆದರೆ ಅವರ ನಿತ್ಯದ ಕೆಲಸ ಬೇರೆಯದೇ ಆಗಿತ್ತು. ನೆಲದಲ್ಲಿ ಯಾವ ಶಿಲೆ ಇದೆ, ಅದರಲ್ಲಿ ಯಾವ ಲೋಹ ಇದೆ ಎಂದು ತಿಳಿಯುವುದೇ ಆ ಕೆಲಸ.

ಕಲಾದಗಿ ಜಿಲ್ಲೆಯಲ್ಲಿ

ಈಗಿನ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಪ್ರದೇಶಕ್ಕೆ ಆಗ ಕಲಾದಗಿ ಜಿಲ್ಲೆ ಎಂಬ ಹೆಸರಿತ್ತು. ಫೂಟ್ ಈ ಜಿಲ್ಲೆಯನ್ನೂ ಬೆಳಗಾವಿ, ಧಾರವಾಡಗಳ ನೆಲವನ್ನೂ ಸಮೀಕ್ಷೆ ಮಾಡಿದರು. ಆ ಕುರಿತ ಅವರ ದೊಡ್ಡ ವರದಿ 1876ರಲ್ಲಿ ಪ್ರಕಟವಾಯಿತು. ಬಾದಾಮಿ, ಬಾಗಲಕೋಟೆ ಸೀಮೆಯ ಮರಳುಗಲ್ಲು, ಸುಣ್ಣಕಲ್ಲುಗಳ ಸರಣಿಗೆ ಅವರು ಕಲಾದಗಿ ಊರಿನ ಹೆಸರನ್ನೇ ಇಟ್ಟರು. ಭೂವಿಜ್ಞಾನಿಗಳು ಇಂದಿಗೂ ಅದನ್ನು ಕಲಾದಗಿ ಶಿಲೆಗಳು ಎಂದೇ ಕರೆಯುತ್ತಾರೆ. ಗೋಕಾಕದ ಬಳಿ ನೆಲದಲ್ಲಿ ಹೂತಿದ್ದ ಖಡ್ಗಮೃಗದ ಎಲುಬುಗಳೂ ಅವರಿಗೆ ಸಿಕ್ಕಿದವು. ಈಗ ಖಡ್ಗಮೃಗವೇ ಇಲ್ಲದ ಈ ಸೀಮೆಯಲ್ಲಿ ಒಂದು ಕಾಲಕ್ಕೆ ಅವು ಮೇಯುತ್ತಿದ್ದವು!

ಈ ಪ್ರದೇಶ ಭೂವಿಜ್ಞಾನಿಗೆ ತೆರೆದ ಪುಸ್ತಕವಿದ್ದಂತೆ. ಇಂಡಿ, ಸಿಂದಗಿ, ಬಾಗೇವಾಡಿಗಳಲ್ಲಿ ನೆಲದ ಕೆಳಗೆ ಹೆಚ್ಚಾಗಿ ಕಾಣುವುದು ಕರಿಕಲ್ಲು. ಇದಕ್ಕೆ ಬಸಾಲ್ಟ್ ಎನ್ನುತ್ತಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾರಸ ಪದರ ಪದರವಾಗಿ ಹರಡಿ, ತಣಿದು ಈ ಕಲ್ಲಾಯಿತು. ಗೋಳಗುಮ್ಮಟವನ್ನು ಕಟ್ಟಿದ್ದೂ ಈ ಕಲ್ಲಿನಿಂದಲೇ. ಮುದ್ದೇಬಿಹಾಳದ ಕಡೆ ತಾಳಿಕೋಟೆಗೆ ಹೋದರೆ ಹಲಗೆಯಂತೆ ಏಳುವ ಸುಣ್ಣಕಲ್ಲು ಸಿಗುತ್ತದೆ. ಮನೆಗಳಿಗೆ ಫರಸಿ ಹಾಸುವುದು ಅದನ್ನೇ. ಇನ್ನೂ ದಕ್ಷಿಣಕ್ಕೆ ಕೃಷ್ಣೆಯತ್ತ ಹೋದರೆ ಬಹಳ ಹಳೆಯದಾದ ಗ್ರಾನೈಟ್ ಜಾತಿಯ ಕಲ್ಲು.

ಒಂದೇ ಕಲ್ಲು, ಎರಡು ಮಣ್ಣು

ಎರೆಮಣ್ಣು ಎಲ್ಲಿಂದ ಬಂತು ಎಂಬುದು ಆ ಕಾಲದ ವಿಜ್ಞಾನಿಗಳ ನಡುವೆ ದೊಡ್ಡ ಚರ್ಚೆಯಾಗಿತ್ತು. ನೀರಿನ ತಳದಲ್ಲಿ ಕೂಡಿದ ಕೆಸರು ಇದು ಎಂದು ಕೆಲವರು ವಾದಿಸುತ್ತಿದ್ದರು. ಕರಿಕಲ್ಲೇ ಸವೆದು ಮಣ್ಣಾಗಿದೆ ಎಂದು ಬೇರೆಯವರು ಹೇಳುತ್ತಿದ್ದರು. ಈ ಚರ್ಚೆ ಮುಂದೆ ಸಾಗಲು ರಸಾಯನಶಾಸ್ತ್ರ ನೆರವಾಯಿತು.

ಕರಿಕಲ್ಲಿನಲ್ಲಿ ಸಿಲಿಕ, ಅಲ್ಯುಮಿನಿಯಂ, ಕಬ್ಬಿಣ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇವೆ. ಬಿಸಿಲು, ಗಾಳಿ, ನೀರು ಸೇರಿ ಇದನ್ನು ನಿಧಾನವಾಗಿ ಮಣ್ಣು ಮಾಡುತ್ತವೆ. ವಿಜಯಪುರ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಪೂರ್ತಿ ತೊಳೆದು ಒಯ್ಯಲು ಇಷ್ಟು ನೀರು ಸಾಲದು. ಅವು ಅಲ್ಲೇ ಉಳಿದು, ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಒಂದು ಬಗೆಯ ಜೇಡಿ ಉಂಟಾಗುತ್ತದೆ. ಹೊಲದಲ್ಲಿ ಬಿರುಕು ಬೀಳುವುದು ಇದರಿಂದಲೇ. ಹೊಲದಲ್ಲಿ ಸಿಗುವ ಸಣ್ಣ ಸಣ್ಣ ಬಿಳಿ ಸುಣ್ಣದ ಹರಳುಗಳು ಹೆಚ್ಚಾದ ಕ್ಯಾಲ್ಸಿಯಂನಿಂದ ಆದವು.

ಇದೇ ಕರಿಕಲ್ಲು ಘಟ್ಟದ ಮೇಲೆ ಭಾರಿ ಮಳೆಗೆ ಸಿಕ್ಕಿದರೆ? ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಮಾತ್ರವಲ್ಲ, ಸಿಲಿಕದ ಬಹುಪಾಲನ್ನೂ ಕರಗಿಸಿ ಒಯ್ಯುತ್ತದೆ. ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಮಾತ್ರ ಉಳಿಯುತ್ತವೆ. ಕಬ್ಬಿಣ ತುಕ್ಕಿನ ಬಣ್ಣ ಕೊಡುತ್ತದೆ. ಅದೇ ಕೆಂಪು ಜಂಬಿಟ್ಟಿಗೆ. ಅಲ್ಯುಮಿನಿಯಂ ಹೆಚ್ಚಿರುವ ಕಡೆ ಅದು ಬಾಕ್ಸೈಟ್ ಎಂಬ ಅದಿರಾಗುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ ಇದು ಸಿಗುತ್ತದೆ. ನೋಡಿದಿರಾ? ಒಂದೇ ತಾಯಿಯ ಇಬ್ಬರು ಮಕ್ಕಳಂತೆ ಈ ಎರಡು ಮಣ್ಣುಗಳು. ಬರಿಗಣ್ಣಿಗೆ ಸಂಬಂಧವೇ ಇಲ್ಲದಂತೆ ಕಾಣುವ ಇವುಗಳ ನಂಟನ್ನು ತಿಳಿಸಿದ್ದು ರಾಸಾಯನಿಕ ವಿಶ್ಲೇಷಣೆ.

ಕಪ್ಪತಗುಡ್ಡದ ಹೊಳೆಯುವ ಕಣಗಳು

ಫೂಟ್ ಅವರಿಗೆ ಇನ್ನೊಂದು ಪ್ರಶ್ನೆ ಎದುರಾಗಿತ್ತು. ಗದಗದ ಬಳಿಯ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳ ಮರಳಿನಲ್ಲಿ ಚಿನ್ನದ ಕಣಗಳು ಸಿಗುತ್ತಿದ್ದವು. ಜಾಲಗಾರರು ಎಂಬ ಜನ ಮಳೆಯ ನಂತರ ಆ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಚಿನ್ನ ಆರಿಸುತ್ತಿದ್ದರು. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಭಾರ. ಮರಿಗೆಯನ್ನು ನೀರಿನಲ್ಲಿ ಮೆಲ್ಲಗೆ ಅಲುಗಿಸಿದರೆ ಹಗುರವಾದ ಮರಳು ಹೊರಗೆ ಹರಿದುಹೋಗುತ್ತದೆ. ಭಾರವಾದ ಚಿನ್ನ ತಳದಲ್ಲಿ ನಿಲ್ಲುತ್ತದೆ. ಶಾಲೆಗೆ ಹೋಗದಿದ್ದರೂ ಜಾಲಗಾರರಿಗೆ ಈ ವಿಜ್ಞಾನ ಚೆನ್ನಾಗಿ ಗೊತ್ತಿತ್ತು.

ಫೂಟ್ ಆ ಹಳ್ಳಗಳನ್ನೂ ಗುಡ್ಡದ ಶಿಲೆಗಳನ್ನೂ ಪರೀಕ್ಷಿಸಿ 1874ರಲ್ಲಿ ಲೇಖನ ಬರೆದರು. ಮರಳಿನಲ್ಲಿ ಚಿನ್ನ ಕಂಡಿತೆಂದು ಗುಡ್ಡದಲ್ಲಿ ಭಾರಿ ನಿಧಿಯಿದೆ ಎಂದು ಅವರು ಡಂಗುರ ಸಾರಲಿಲ್ಲ. ಚಿನ್ನ ಯಾವ ಶಿಲೆಯಿಂದ ಬರುತ್ತಿದೆ, ಅದು ಎಷ್ಟು ದೂರ ಹಬ್ಬಿದೆ ಎಂದು ಹುಡುಕಿದರು.

ಈ ಎಚ್ಚರ ಎಷ್ಟು ಮುಖ್ಯ ಎಂಬುದು ಕೆಲವೇ ವರ್ಷಗಳಲ್ಲಿ ತಿಳಿಯಿತು. 1880ರ ಸುಮಾರಿಗೆ ವಯನಾಡಿನಲ್ಲಿ ಬಹಳ ಚಿನ್ನವಿದೆ ಎಂಬ ಸುದ್ದಿ ಹಬ್ಬಿತು. ಇಂಗ್ಲೆಂಡಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿಕೊಂಡವು. ಜನ ಮುಗಿಬಿದ್ದು ಹಣ ಹಾಕಿದರು. ಕಾಡು ಕಡಿದು, ಯಂತ್ರಗಳನ್ನು ತಂದು ಕಲ್ಲು ಕುಟ್ಟಿದರು. ಆದರೆ ಸಿಕ್ಕ ಚಿನ್ನ ಖರ್ಚಿಗೂ ಸಾಲಲಿಲ್ಲ. ಕಂಪನಿಗಳು ಒಂದೊಂದಾಗಿ ಮುಳುಗಿದವು. ಕಲ್ಲನ್ನು ಸರಿಯಾಗಿ ಪರೀಕ್ಷಿಸುವ ಮೊದಲೇ ಆಸೆಪಟ್ಟದ್ದಕ್ಕೆ ತೆತ್ತ ಬೆಲೆ ಅದು.

ಕಲ್ಲನ್ನು ಪರೀಕ್ಷಿಸುವುದು ಹೇಗೆ?

ಒಳ್ಳೆಯ ಅದಿರಿನಲ್ಲೂ ಚಿನ್ನ ಎಷ್ಟಿರುತ್ತದೆ ಗೊತ್ತೇ? ಒಂದು ಟನ್ ಕಲ್ಲೆಂದರೆ 10 ಲಕ್ಷ ಗ್ರಾಂ. ಅದರಲ್ಲಿ 5 ಗ್ರಾಂ ಚಿನ್ನ ಇದ್ದರೆ, 2 ಲಕ್ಷ ಪಾಲು ಕಲ್ಲಿಗೆ 1 ಪಾಲು ಚಿನ್ನ ಎಂದಾಯಿತು. ಇಷ್ಟು ಕಡಿಮೆ ಇದ್ದದ್ದನ್ನು ಅಳೆಯುವ ಉಪಾಯ ಆ ಕಾಲಕ್ಕೇ ಇತ್ತು.

ಮೊದಲು ಕಲ್ಲನ್ನು ಹಿಟ್ಟಿನಂತೆ ಪುಡಿ ಮಾಡಿ ತೂಗುತ್ತಿದ್ದರು. ಅದಕ್ಕೆ ಸೀಸ ಕೊಡುವ ಪುಡಿ ಮತ್ತು ಬಿಳಿಗಾರ ಬೆರೆಸಿ ಕುಲುಮೆಯಲ್ಲಿ ಕರಗಿಸುತ್ತಿದ್ದರು. ಕಲ್ಲಿನ ಅಂಶ ಗಾಜಿನಂತೆ ಮೇಲೆ ತೇಲುತ್ತದೆ. ಸೀಸವು ಚಿನ್ನ ಬೆಳ್ಳಿಗಳನ್ನು ತನ್ನೊಳಗೆ ಸೇರಿಸಿಕೊಂಡು ತಳಕ್ಕೆ ಇಳಿಯುತ್ತದೆ. ಆ ಸೀಸದ ಗುಂಡನ್ನು ಎಲುಬಿನ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಲ್ಲಿಟ್ಟು ಮತ್ತೆ ಕಾಯಿಸುತ್ತಿದ್ದರು. ಬಟ್ಟಲು ಸೀಸವನ್ನು ಹೀರಿಕೊಳ್ಳುತ್ತದೆ. ಕೊನೆಗೆ ಸಾಸಿವೆಗಿಂತ ಚಿಕ್ಕ ಮಣಿ ಉಳಿಯುತ್ತದೆ. ನೈಟ್ರಿಕ್ ಆಮ್ಲದಲ್ಲಿ ಹಾಕಿದರೆ ಬೆಳ್ಳಿ ಕರಗುತ್ತದೆ, ಚಿನ್ನ ಕರಗುವುದಿಲ್ಲ. ಉಳಿದದ್ದನ್ನು ಬಹಳ ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿದರೆ ಲೆಕ್ಕ ಸಿಕ್ಕಿತು.

ಬೇರೆ ಲೋಹಗಳನ್ನು ಗುರುತಿಸಲು ಡೇರೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿತ್ತು. ಪ್ಲಾಟಿನಂ ತಂತಿಯ ಕುಣಿಕೆಯಲ್ಲಿ ಬಿಳಿಗಾರವನ್ನು ಕಾಯಿಸಿದರೆ ಗಾಜಿನಂಥ ಮಣಿಯಾಗುತ್ತದೆ. ಅದಕ್ಕೆ ಖನಿಜದ ಪುಡಿ ಸ್ವಲ್ಪ ತಾಗಿಸಿ, ಊದುಗೊಳವೆಯಿಂದ ಜ್ವಾಲೆಯನ್ನು ಊದಿ ಮತ್ತೆ ಕಾಯಿಸಬೇಕು. ಮಣಿ ನೇರಳೆ ಬಣ್ಣಕ್ಕೆ ತಿರುಗಿದರೆ ಮ್ಯಾಂಗನೀಸ್ ಇದೆ. ಕಡುನೀಲಿಯಾದರೆ ಕೋಬಾಲ್ಟ್. ಬಿಸಿಯಿದ್ದಾಗ ಹಸಿರಾಗಿ ಆರಿದ ಮೇಲೆ ನೀಲಿಯಾದರೆ ತಾಮ್ರ. ಕಲ್ಲು ತನ್ನ ಗುಟ್ಟನ್ನು ಬಣ್ಣದಲ್ಲಿ ಹೇಳುತ್ತದೆ!

ಧಾರವಾಡದ ಹೆಸರು ಜಗತ್ತಿಗೆ

ಫೂಟ್ ಊರೂರು ಸುತ್ತಿದಂತೆ ಒಂದು ವಿಷಯ ಅವರಿಗೆ ಸ್ಪಷ್ಟವಾಗುತ್ತಾ ಹೋಯಿತು. ಗ್ರಾನೈಟ್ ಜಾತಿಯ ಕಲ್ಲಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಉದ್ದವಾದ ಪಟ್ಟಿಗಳಂತೆ ಬೇರೆ ಬಗೆಯ ಶಿಲೆಗಳು ಚಾಚಿಕೊಂಡಿದ್ದವು. ಅವು ಕಪ್ಪು ಹಸಿರು ಬಣ್ಣದವು, ಹಾಳೆ ಹಾಳೆಯಾಗಿ ಸೀಳುವಂಥವು. ಅವುಗಳ ಜೊತೆಗೆ ಕಬ್ಬಿಣದ ಪದರಗಳು ಮತ್ತು ಬೆಣಚುಕಲ್ಲಿನ ಗೆರೆಗಳೂ ಇದ್ದವು. ಕಪ್ಪತಗುಡ್ಡದಲ್ಲೂ ಸಂಡೂರಿನ ಗುಡ್ಡಗಳಲ್ಲೂ ಕೋಲಾರದಲ್ಲೂ ಇಂಥದೇ ಶಿಲೆಗಳು. ಚಿನ್ನ ಸಿಗುತ್ತಿದ್ದುದು ಮುಖ್ಯವಾಗಿ ಈ ಪಟ್ಟಿಗಳಲ್ಲಿ.

ದೂರ ದೂರದ ಈ ಶಿಲೆಗಳೆಲ್ಲ ಒಂದೇ ಬಳಗಕ್ಕೆ ಸೇರಿದವು ಎಂದು ಫೂಟ್ ತೀರ್ಮಾನಿಸಿದರು. ಆ ಬಳಗಕ್ಕೆ ಧಾರವಾಡ ಎಂಬ ಹೆಸರಿಟ್ಟರು. ದಕ್ಷಿಣ ಭಾರತದ ಚಿನ್ನದ ಮುಖ್ಯ ನೆಲೆ ಈ ಶಿಲೆಗಳೇ ಎಂದು 1888ರಲ್ಲಿ ಲೇಖನ ಪ್ರಕಟಿಸಿದರು. ಇದರಿಂದ ಏನಾಯಿತು ಹೇಳಿ? ಚಿನ್ನ ಹುಡುಕುವವರು ಇಡೀ ನಾಡನ್ನು ಅಗೆಯಬೇಕಾಗಿಲ್ಲ. ನಕ್ಷೆಯಲ್ಲಿ ಧಾರವಾಡ ಪಟ್ಟಿ ಎಲ್ಲಿದೆ ಎಂದು ನೋಡಿ ಅಲ್ಲಿ ಹುಡುಕಿದರೆ ಸಾಕು. ಹಟ್ಟಿಯ ಗಣಿ ಇರುವುದೂ ಇಂಥ ಪಟ್ಟಿಯಲ್ಲೇ. ಬಾಗೇವಾಡಿಯ ಕರಿಕಲ್ಲು ಬಹಳ ತಡವಾಗಿ ಹರಿದ ಲಾವಾ. ಅಲ್ಲಿ ಚಿನ್ನದ ಗಣಿ ಏಕಿಲ್ಲ ಎಂಬುದಕ್ಕೆ ಇದೇ ಉತ್ತರ. ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು ಎಂದು ಈಗ ತಿಳಿದಿದೆ.

ಆದರೆ ಪಟ್ಟಿಯಲ್ಲಿ ಎಲ್ಲೆಡೆಯೂ ಚಿನ್ನ ಸಮನಾಗಿ ಇರುವುದಿಲ್ಲ. ಗದಗ ಸೀಮೆಯಲ್ಲಿ 20ನೇ ಶತಮಾನದ ಆರಂಭದಲ್ಲಿ ತೋಡಿದ ಗಣಿಗಳು ಕೆಲವೇ ವರ್ಷಗಳಲ್ಲಿ ಮುಚ್ಚಿದವು. ಕೋಲಾರದ ಗಣಿಗಳು ನೂರು ವರ್ಷ ಮೀರಿ ನಡೆದು 2001ರಲ್ಲಿ ನಿಂತವು. ಆದ್ದರಿಂದ ನಕ್ಷೆಯ ನಂತರ ಪ್ರತಿ ಜಾಗದ ಕಲ್ಲನ್ನೂ ಪರೀಕ್ಷಿಸಲೇಬೇಕು.

ಫೂಟ್ ಬಳ್ಳಾರಿ ಜಿಲ್ಲೆಯ ಕುರಿತು ಬರೆದ ದೊಡ್ಡ ವರದಿ 1895ರಲ್ಲಿ ಹೊರಬಂತು. ಸಂಡೂರಿನ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರುಗಳನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಈ ಅದಿರುಗಳು ಇಂದಿಗೂ ಕಾರ್ಖಾನೆಗಳಿಗೆ ಹೋಗುತ್ತಿವೆ.

ಕೊನೆಯವರೆಗೂ ಕೆಲಸ

1891ರಲ್ಲಿ ನಿವೃತ್ತರಾದ ಮೇಲೂ ಫೂಟ್ ಸುಮ್ಮನೆ ಕೂರಲಿಲ್ಲ. ಬರೋಡಾ ಸಂಸ್ಥಾನದ ನೆಲವನ್ನು ಸಮೀಕ್ಷೆ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ಆರಂಭಿಸಿದಾಗ ಅದರ ಹೊಣೆ ಹೊತ್ತರು. ನಮ್ಮ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಬೇರು ಇದೇ ಇಲಾಖೆಯಲ್ಲಿದೆ.

ತಮಿಳುನಾಡಿನ ಯೇರ್ಕಾಡ್ ಬೆಟ್ಟದಲ್ಲಿ ಅವರು ಮನೆ ಮಾಡಿಕೊಂಡಿದ್ದರು. 40 ವರ್ಷ ಕೂಡಿಸಿದ್ದ ಕಲ್ಲಿನ ಆಯುಧಗಳು ಮತ್ತು ಮಡಕೆ ಚೂರುಗಳು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಯಾವ ವಸ್ತು ಎಲ್ಲಿ ಸಿಕ್ಕಿತು ಎಂದು ಒಂದೊಂದಕ್ಕೂ ಬರೆದಿಟ್ಟ ಅವರ ಪಟ್ಟಿ ಅವರು ತೀರಿಕೊಂಡ ಮೇಲೆ ಪುಸ್ತಕವಾಗಿ ಅಚ್ಚಾಯಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಫೂಟ್ ನಿಧನರಾದರು. ಆಗ ಅವರಿಗೆ 78 ವರ್ಷ.

ಫೂಟ್ ಹೇಳಿದ್ದೆಲ್ಲವೂ ಹಾಗೇ ಉಳಿದಿಲ್ಲ. ಧಾರವಾಡ ಶಿಲೆ ಮೊದಲೋ ಗ್ರಾನೈಟ್ ಜಾತಿಯ ಕಲ್ಲು ಮೊದಲೋ ಎಂದು ಮುಂದಿನ ವಿಜ್ಞಾನಿಗಳು ಬಹಳ ಕಾಲ ಚರ್ಚಿಸಿದರು. ಹೊಸ ಪರೀಕ್ಷೆಗಳು ಬಂದಂತೆ ಹಳೆಯ ತೀರ್ಮಾನಗಳನ್ನು ತಿದ್ದಿದರು. ವಿಜ್ಞಾನ ಬೆಳೆಯುವುದೇ ಹೀಗೆ. ಆದರೆ ಆ ಚರ್ಚೆಗೆ ಬೇಕಾದ ಮೊದಲ ನಕ್ಷೆಗಳಲ್ಲಿ ಹಲವನ್ನು ಬಿಡಿಸಿದವರು ಫೂಟ್.

ನಿಮ್ಮ ಹೊಲದ ಮಣ್ಣಿನಲ್ಲಿ ಏನಿದೆ?

ಮಕ್ಕಳೇ, ನಿಮ್ಮ ಹೊಲದಲ್ಲಿ ಚಿನ್ನ ಇಲ್ಲದಿರಬಹುದು. ಆದರೆ ಅಲ್ಲೂ ಲೋಹಗಳಿವೆ. ಅವುಗಳ ಲೆಕ್ಕ ನಿಮ್ಮ ಮನೆಯ ಊಟಕ್ಕೆ ಸಂಬಂಧಿಸಿದ್ದು.

ಎರೆಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ. ಆದರೂ ಸುಣ್ಣ ಹೆಚ್ಚಿರುವ ಹೊಲದಲ್ಲಿ ಶೇಂಗಾ, ಕಡಲೆಯ ಎಳೆ ಎಲೆಗಳು ಕೆಲವೊಮ್ಮೆ ಹಳದಿಯಾಗುತ್ತವೆ. ಅದು ಕಬ್ಬಿಣದ ಕೊರತೆಯ ಗುರುತು! ಇದೇನು ವಿಚಿತ್ರ ಎನ್ನುವಿರಾ? ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ನೀರಿನಲ್ಲಿ ಕರಗುವುದಿಲ್ಲ. ಕರಗದ್ದನ್ನು ಬೇರು ಹೀರಲಾರದು. ಸತುವಿನ ಕಥೆಯೂ ಹೀಗೆಯೇ. ಮಣ್ಣಿನಲ್ಲಿ ಒಟ್ಟು ಎಷ್ಟಿದೆ ಎಂದು ತಿಳಿದರೆ ಸಾಲದು, ಬೆಳೆಗೆ ಎಷ್ಟು ಸಿಗುತ್ತದೆ ಎಂದು ತಿಳಿಯಬೇಕು. ಅದಕ್ಕೇ ಪ್ರಯೋಗಾಲಯದಲ್ಲಿ ಮಣ್ಣನ್ನು ವಿಶೇಷ ದ್ರಾವಣದಲ್ಲಿ ಕುಲುಕಿ, ಸೋಸಿ, ಕರಗಿ ಬಂದ ಲೋಹವನ್ನಷ್ಟೇ ಯಂತ್ರದಿಂದ ಅಳೆಯುತ್ತಾರೆ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಲೆಕ್ಕವಿರುತ್ತದೆ. ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸ್ ಅವುಗಳಲ್ಲಿ ಸೇರಿವೆ. ನಿಮ್ಮ ಮನೆಯಲ್ಲಿ ಇಂಥ ಚೀಟಿ ಇದ್ದರೆ ಓದಿ, ಅಪ್ಪ ಅವ್ವನಿಗೂ ಓದಿ ಹೇಳಿ. ಪರೀಕ್ಷಿಸದೆ ಗೊಬ್ಬರ ಸುರಿದರೆ ವಯನಾಡಿನ ಕಂಪನಿಗಳಂತೆ ಹಣ ಮಣ್ಣುಪಾಲಾದೀತು. ಮೊದಲು ಪರೀಕ್ಷೆ, ಆಮೇಲೆ ಖರ್ಚು.

ನೀವೇ ಮಾಡಿ ನೋಡಿ

1. ಎರೆಹೊಲದಲ್ಲಿ ಸಿಗುವ ಬಿಳಿ ಸುಣ್ಣದ ಹರಳನ್ನು ಪುಡಿ ಮಾಡಿ. ಅದರ ಮೇಲೆ ನಿಂಬೆರಸ ಹಿಂಡಿ. ನೊರೆ ಎದ್ದಿತೇ? ಆಮ್ಲ ತಾಗಿ ಹೊರಬರುವ ಕಾರ್ಬನ್ ಡೈಆಕ್ಸೈಡ್ ಅನಿಲ ಅದು. ಬೇರೆ ಬೇರೆ ಕಲ್ಲುಗಳ ಪುಡಿಯ ಮೇಲೂ ಹಿಂಡಿ ಹೋಲಿಸಿ.

2. ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಹಳ್ಳದ ಒಣ ಮರಳಿನಲ್ಲಿ ಆಡಿಸಿ. ಕಪ್ಪು ಕಣಗಳು ಅಂಟಿಕೊಂಡರೆ ಅವು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ. ಕರಿಕಲ್ಲು ಸವೆದು ಬಂದವು.

3. ಸಿಕ್ಕ ಪ್ರತಿಯೊಂದು ಕಲ್ಲಿಗೂ ಚೀಟಿ ಅಂಟಿಸಿ. ಊರು, ಜಾಗ, ದಿನಾಂಕ ಬರೆಯಿರಿ. ಎಲ್ಲಿ ಸಿಕ್ಕಿತೆಂದು ಗೊತ್ತಿಲ್ಲದ ಕಲ್ಲು ವಿಜ್ಞಾನಿಗೆ ಹೆಚ್ಚೇನೂ ಹೇಳಲಾರದು. ನಿಮ್ಮ ಸಂಗ್ರಹವನ್ನು ಶಾಲೆಯ ವಿಜ್ಞಾನ ಮೂಲೆಯಲ್ಲಿ ಜೋಡಿಸಿಡಿ.